ಪಿಎಲ್‌ಸಿ ಟೈಮರ್

ಪಿಎಲ್‌ಸಿ ಟೈಮರ್ ಎಂಬುದು ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್ ಅಥವಾ ಪಿಎಲ್‌ಸಿಯ ಪ್ರೋಗ್ರಾಮಿನೊಳಗೆ ಕಾಲವನ್ನು ಅಳೆದು, ನಿಗದಿಪಡಿಸಿದ ಅವಧಿ ಕಳೆದಾಗ ಒಂದು ಬಿಟ್‌ನ ಸ್ಥಿತಿಯನ್ನು ಬದಲಿಸುವ ಆದೇಶ ಅಥವಾ ಫಂಕ್ಷನ್ ಬ್ಲಾಕ್. ಮೋಟಾರನ್ನು ತಡವಾಗಿ ಶುರುಮಾಡುವುದು, ಯಂತ್ರ ನಿಂತ ಮೇಲೂ ಫ್ಯಾನನ್ನು ಸ್ವಲ್ಪ ಹೊತ್ತು ಓಡಿಸುವುದು, ವಾಲ್ವನ್ನು ಗೊತ್ತುಮಾಡಿದಷ್ಟು ಕಾಲ ಮಾತ್ರ ತೆರೆದಿಡುವುದು, ಯಂತ್ರ ಒಟ್ಟು ಎಷ್ಟು ಹೊತ್ತು ಓಡಿತೆಂದು ಲೆಕ್ಕವಿಡುವುದು ಇದರ ಮುಖ್ಯ ಕೆಲಸಗಳು. ಹಳೆಯ ನಿಯಂತ್ರಣ ಫಲಕಗಳ ಟೈಮರ್ ರಿಲೇ ಒಂದು ಪ್ರತ್ಯೇಕ ಉಪಕರಣವಾಗಿತ್ತು. ಪಿಎಲ್‌ಸಿ ಟೈಮರ್ ಹಾಗಲ್ಲ. ಅದು ಸ್ಮೃತಿಯಲ್ಲಿರುವ ಒಂದು ದಾಖಲೆ. ಪ್ರೊಸೆಸರ್ ಪ್ರೋಗ್ರಾಮನ್ನು ಓದುತ್ತ ಆ ದಾಖಲೆಯನ್ನು ಮತ್ತೆ ಮತ್ತೆ ಪರಿಶೀಲಿಸುತ್ತದೆ. ಟೈಮರಿನ ನಿಖರತೆ, ಮಿತಿ ಮತ್ತು ದೋಷಗಳಲ್ಲಿ ಹೆಚ್ಚಿನವು ಈ ಲಕ್ಷಣದಿಂದಲೇ ಹುಟ್ಟುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ಕೆಳಗಿನ ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಿದೆ.

ಇನ್‌ಪುಟ್: ಟೈಮರನ್ನು ಚಾಲನೆಗೊಳಿಸುವ ತಾರ್ಕಿಕ ಸ್ಥಿತಿ. ಇದು 1 ಇದ್ದರೆ ‘ಆನ್’, 0 ಇದ್ದರೆ ‘ಆಫ್’.

ಪ್ರೀಸೆಟ್: ಪ್ರೋಗ್ರಾಮ್ ಬರೆಯುವವರು ಅಥವಾ ಯಂತ್ರ ನಡೆಸುವವರು ನಿಗದಿಪಡಿಸುವ ಅವಧಿ.

ಕಳೆದ ಕಾಲ: ಟೈಮರ್ ಓಡಲು ಆರಂಭಿಸಿದ ಮೇಲೆ ಸಂದ ಅವಧಿ. ಕೆಲವು ತಯಾರಕರು ಇದನ್ನು ‘ಅಕ್ಯುಮ್ಯುಲೇಟರ್’ ಎನ್ನುತ್ತಾರೆ.

ಔಟ್‌ಪುಟ್: ಟೈಮರಿನ ಫಲಿತಾಂಶವನ್ನು ತೋರಿಸುವ ಬಿಟ್. ಇದನ್ನು ‘ಡನ್ ಬಿಟ್’ ಎಂದೂ ಕರೆಯುವುದುಂಟು.

ಟೈಮ್‌ಬೇಸ್: ಟೈಮರ್ ಎಣಿಸುವ ಅತಿ ಚಿಕ್ಕ ಕಾಲಮಾನ, ಉದಾಹರಣೆಗೆ 1 ಮಿಲಿಸೆಕೆಂಡ್, 10 ಮಿಲಿಸೆಕೆಂಡ್, 100 ಮಿಲಿಸೆಕೆಂಡ್, 1 ಸೆಕೆಂಡ್ ಅಥವಾ 10 ಸೆಕೆಂಡ್.

ಸ್ಕ್ಯಾನ್: ಪಿಎಲ್‌ಸಿ ಇನ್‌ಪುಟ್‌ಗಳನ್ನು ಓದಿ, ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ, ಔಟ್‌ಪುಟ್‌ಗಳನ್ನು ಬರೆಯುವ ಒಂದು ಪೂರ್ಣ ಸುತ್ತು.

ರಂಗ್: ಲ್ಯಾಡರ್ ಚಿತ್ರದಲ್ಲಿ ಎಡ-ಬಲ ಲಂಬ ರೇಖೆಗಳ ನಡುವಿನ ಒಂದು ಅಡ್ಡಸಾಲು.

ಹಿನ್ನೆಲೆ ಮತ್ತು ಉಗಮ

ಪಿಎಲ್‌ಸಿಗಿಂತ ಮೊದಲು ಕೈಗಾರಿಕಾ ಯಂತ್ರಗಳ ನಿಯಂತ್ರಣ ನಡೆಯುತ್ತಿದ್ದುದು ರಿಲೇ ಫಲಕಗಳಿಂದ. ಅವುಗಳಲ್ಲಿ ಕಾಲವಿಳಂಬಕ್ಕೆ ಮೂರು ಬಗೆಯ ಸಾಧನಗಳಿದ್ದವು. ಒಂದು, ಗಾಳಿಯಿಂದ ಕೆಲಸಮಾಡುವ ನ್ಯೂಮ್ಯಾಟಿಕ್ ಟೈಮರ್. ಇದರ ಕಾಯಿಲಿಗೆ ವಿದ್ಯುತ್ ಬಂದಾಗ ಸಣ್ಣ ಗಾಳಿಕೋಣೆಯೊಳಗೆ ಗಾಳಿ ಸೂಜಿಕವಾಟದ ಮೂಲಕ ನಿಧಾನವಾಗಿ ಹಾಯುತ್ತದೆ, ಆಮೇಲೆ ಕಾಂಟ್ಯಾಕ್ಟ್ ಬದಲಾಗುತ್ತದೆ. ಎರಡು, ಸಿಂಕ್ರೊನಸ್ ಮೋಟಾರಿನಿಂದ ತಿರುಗುವ ಕ್ಯಾಮ್ ಅಥವಾ ಡ್ರಮ್ ಟೈಮರ್. ಇದು ವಿದ್ಯುತ್ ಜಾಲದ ಆವರ್ತನವನ್ನೇ ಗಡಿಯಾರವಾಗಿ ಬಳಸುತ್ತದೆ. ಮೂರು, ರೆಸಿಸ್ಟರಿನ ಮೂಲಕ ಕೆಪ್ಯಾಸಿಟರ್ ತುಂಬಿಕೊಳ್ಳಲು ಬೇಕಾಗುವ ಕಾಲವನ್ನು ಆಧರಿಸಿದ ಎಲೆಕ್ಟ್ರಾನಿಕ್ ಟೈಮರ್. ಮೂರರಲ್ಲಿಯೂ ಪ್ರತಿ ವಿಳಂಬಕ್ಕೆ ಒಂದು ಉಪಕರಣ ಬೇಕು, ಅದಕ್ಕೆ ತಂತಿ ಎಳೆಯಬೇಕು, ಅವಧಿ ಬದಲಿಸಲು ಫಲಕದ ಬಾಗಿಲು ತೆರೆದು ಗುಂಡಿ ತಿರುಗಿಸಬೇಕು ಇಲ್ಲವೇ ಕ್ಯಾಮ್ ಬದಲಿಸಬೇಕು.

1968ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗವು ರಿಲೇ ಫಲಕಗಳ ಜಾಗದಲ್ಲಿ ಕೂರಿಸಬಹುದಾದ ಎಲೆಕ್ಟ್ರಾನಿಕ್ ನಿಯಂತ್ರಕದ ಬೇಡಿಕೆ ಮುಂದಿಟ್ಟಿತು. ಕಾರಿನ ಮಾದರಿ ಬದಲಾದಾಗಲೆಲ್ಲ ಫಲಕಗಳ ತಂತಿಜಾಲವನ್ನು ಕಿತ್ತು ಹೊಸದಾಗಿ ಕಟ್ಟುವ ವೆಚ್ಚವನ್ನು ತಪ್ಪಿಸುವುದು ಅದರ ಉದ್ದೇಶ. ಮ್ಯಾಸಚೂಸೆಟ್ಸ್ ರಾಜ್ಯದ ಬೆಡ್‌ಫರ್ಡ್ ಅಸೋಸಿಯೇಟ್ಸ್ ಸಂಸ್ಥೆಯ ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ನಿಯಂತ್ರಕ 1969ರಲ್ಲಿ ‘ಮೋಡಿಕಾನ್ 084’ ಹೆಸರಿನಿಂದ ಹೊರಬಂದಿತು. ಅದು ಆ ಸಂಸ್ಥೆಯ 84ನೇ ಯೋಜನೆಯಾದ್ದರಿಂದ ಆ ಸಂಖ್ಯೆ. ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳಿಗೆ ರಿಲೇ ಚಿತ್ರಗಳು ಚೆನ್ನಾಗಿ ಗೊತ್ತಿದ್ದುದರಿಂದ ಹೊಸ ನಿಯಂತ್ರಕದ ಭಾಷೆಯೂ ಅದೇ ರೂಪ ತಳೆಯಿತು. ರಿಲೇ ಕಾಯಿಲ್ ಮತ್ತು ಕಾಂಟ್ಯಾಕ್ಟ್‌ಗಳಂತೆ ಟೈಮರ್ ಕೂಡ ಲ್ಯಾಡರ್ ಚಿತ್ರದ ಒಂದು ಚಿಹ್ನೆಯಾಗಿ ನೆಲೆಯೂರಿತು.

ಮುಂದಿನ ಎರಡು ದಶಕಗಳಲ್ಲಿ ಪ್ರತಿ ತಯಾರಕರೂ ಟೈಮರನ್ನು ತಮ್ಮದೇ ರೀತಿಯಲ್ಲಿ ರೂಪಿಸಿಕೊಂಡರು. ಜರ್ಮನಿಯ ಸೀಮೆನ್ಸ್ 1979ರಲ್ಲಿ ತಂದ ಸಿಮ್ಯಾಟಿಕ್ ಎಸ್5 ಸರಣಿಯಲ್ಲಿ ಐದು ಬಗೆಯ ಟೈಮರುಗಳಿದ್ದವು. ಅಮೆರಿಕದ ಅಲೆನ್-ಬ್ರ್ಯಾಡ್ಲಿ, ಜಪಾನಿನ ಮಿತ್ಸುಬಿಷಿ ಮತ್ತು ಓಮ್ರಾನ್ ಬೇರೆ ಬೇರೆ ಹೆಸರು, ಬೇರೆ ಬೇರೆ ಟೈಮ್‌ಬೇಸ್ ಇಟ್ಟುಕೊಂಡವು. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1993ರಲ್ಲಿ ಪ್ರಕಟಿಸಿದ, ಈಗ ಐಇಸಿ 61131-3 ಎಂದು ಕರೆಯಲಾಗುವ ಮಾನಕವು ಮೂರು ಟೈಮರ್ ಬ್ಲಾಕುಗಳನ್ನು ನಿಗದಿಪಡಿಸಿ ಈ ವೈವಿಧ್ಯಕ್ಕೆ ಒಂದು ಸಮಾನ ತಳಹದಿ ಒದಗಿಸಿತು. 1992ರಲ್ಲಿ ಸ್ಥಾಪನೆಯಾದ ಪಿಎಲ್‌ಸಿಓಪನ್ ಸಂಘಟನೆ ಈ ಮಾನಕದ ಬಳಕೆಯನ್ನು ಹರಡುವ ಕೆಲಸ ಮಾಡುತ್ತಿದೆ.

ರಚನೆ

ಯಾವುದೇ ಪಿಎಲ್‌ಸಿ ಟೈಮರಿಗೆ ಎರಡು ಒಳಬದಿಯ ಮತ್ತು ಎರಡು ಹೊರಬದಿಯ ಅಂಶಗಳಿರುತ್ತವೆ. ಐಇಸಿ ಮಾನಕದಲ್ಲಿ ಇವುಗಳ ಹೆಸರು ಹೀಗಿದೆ: ಚಾಲನಾ ಸ್ಥಿತಿಗೆ ‘ಇನ್’, ಪ್ರೀಸೆಟ್‌ಗೆ ‘ಪಿಟಿ’, ಔಟ್‌ಪುಟ್ ಬಿಟ್‌ಗೆ ‘ಕ್ಯೂ’, ಕಳೆದ ಕಾಲಕ್ಕೆ ‘ಇಟಿ’. ಇವಲ್ಲದೆ ಹಿಂದಿನ ಸ್ಕ್ಯಾನಿನಲ್ಲಿ ಇನ್‌ಪುಟ್ ಹೇಗಿತ್ತು, ಟೈಮರ್ ಯಾವಾಗ ಹೊರಟಿತು ಎಂಬ ಮಾಹಿತಿಯೂ ಒಳಗೆ ಉಳಿದಿರಬೇಕು. ಆದ್ದರಿಂದ ಮಾನಕದ ಪ್ರಕಾರ ಟೈಮರ್ ‘ಫಂಕ್ಷನ್’ ಅಲ್ಲ, ‘ಫಂಕ್ಷನ್ ಬ್ಲಾಕ್’. ಫಂಕ್ಷನ್‌ಗೆ ಒಂದು ಕರೆಯಿಂದ ಇನ್ನೊಂದು ಕರೆಗೆ ಏನನ್ನೂ ನೆನಪಿಟ್ಟುಕೊಳ್ಳಲಾಗದು; ಫಂಕ್ಷನ್ ಬ್ಲಾಕ್‌ಗೆ ತನ್ನದೇ ಸ್ಮೃತಿ ಇರುತ್ತದೆ. ಪ್ರೋಗ್ರಾಮಿನಲ್ಲಿ ಬಳಸುವ ಪ್ರತಿ ಟೈಮರಿಗೂ ಇಂಥ ಸ್ಮೃತಿಯ ಪ್ರತ್ಯೇಕ ಪ್ರತಿ ಬೇಕು; ಇದನ್ನು ‘ಇನ್‌ಸ್ಟೆನ್ಸ್’ ಎನ್ನುತ್ತಾರೆ.

ಅವಧಿಯನ್ನು ‘ಟೈಮ್’ ಎಂಬ ದತ್ತಾಂಶ ಪ್ರಕಾರದಲ್ಲಿ ಬರೆಯಲಾಗುತ್ತದೆ. ಐದು ಸೆಕೆಂಡಿಗೆ ‘ಟಿ#5ಎಸ್’, ಅರ್ಧ ಸೆಕೆಂಡಿಗೆ ‘ಟಿ#500ಎಂಎಸ್’, ಒಂದೂವರೆ ಗಂಟೆಗೆ ‘ಟಿ#1ಎಚ್30ಎಂ’ ಎಂಬುದು ಇದರ ಕ್ರಮ. ನಿಜವಾದ ಪ್ರೋಗ್ರಾಮಿನಲ್ಲಿ ಇವು ರೋಮನ್ ಅಕ್ಷರಗಳಲ್ಲಿರುತ್ತವೆ. ಸೀಮೆನ್ಸ್ ಎಸ್7 ಸರಣಿಯಲ್ಲಿ ಟೈಮ್ ಎಂಬುದು ಮಿಲಿಸೆಕೆಂಡುಗಳನ್ನು ಎಣಿಸುವ, ಧನ-ಋಣ ಎರಡೂ ಇರುವ 32 ಬಿಟ್ ಸಂಖ್ಯೆ. ಅದರ ಗರಿಷ್ಠ ಬೆಲೆ 24 ದಿನ 20 ಗಂಟೆ 31 ನಿಮಿಷ 23.647 ಸೆಕೆಂಡ್. ಕೋಡೆಸಿಸ್ ತಂತ್ರಾಂಶದಲ್ಲಿ ಅದೇ 32 ಬಿಟ್ ಸಂಖ್ಯೆ ಧನಮಾತ್ರವಾದ್ದರಿಂದ ಮಿತಿ ಸುಮಾರು ಇಮ್ಮಡಿಯಾಗಿ 49 ದಿನ 17 ಗಂಟೆ ದಾಟುತ್ತದೆ. ಮಾನಕದ 2013ರ ಮೂರನೇ ಆವೃತ್ತಿ ಇದಕ್ಕಿಂತ ವಿಸ್ತಾರವಾದ, 64 ಬಿಟ್‌ಗಳ ‘ಎಲ್‌ಟೈಮ್’ ಪ್ರಕಾರವನ್ನು ಸೇರಿಸಿತು.

ಕಾರ್ಯವಿಧಾನ

ಪಿಎಲ್‌ಸಿಯ ಕೆಲಸ ಸ್ಕ್ಯಾನ್‌ಗಳ ನಿರಂತರ ಸರಣಿ. ಪ್ರತಿ ಸ್ಕ್ಯಾನಿನ ಆರಂಭದಲ್ಲಿ ಇನ್‌ಪುಟ್‌ಗಳ ಸ್ಥಿತಿಯನ್ನು ಸ್ಮೃತಿಗೆ ನಕಲು ಮಾಡಲಾಗುತ್ತದೆ. ನಂತರ ಪ್ರೋಗ್ರಾಮ್ ಸಾಲುಸಾಲಾಗಿ ನಡೆಯುತ್ತದೆ. ಕೊನೆಗೆ ಫಲಿತಾಂಶಗಳು ಔಟ್‌ಪುಟ್ ಟರ್ಮಿನಲ್‌ಗಳಿಗೆ ಹೋಗುತ್ತವೆ. ಟೈಮರ್ ಆದೇಶದ ಸರದಿ ಬಂದಾಗ ಪ್ರೊಸೆಸರ್ ಇನ್‌ಪುಟ್ಟನ್ನು ಹಿಂದಿನ ಸ್ಥಿತಿಯೊಂದಿಗೆ ಹೋಲಿಸುತ್ತದೆ. ಇನ್‌ಪುಟ್ ಆಗತಾನೆ ಬದಲಾಗಿದ್ದರೆ ವ್ಯವಸ್ಥೆಯ ಗಡಿಯಾರದ ಆ ಕ್ಷಣದ ಬೆಲೆಯನ್ನು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸ್ಕ್ಯಾನ್‌ಗಳಲ್ಲಿ ಗಡಿಯಾರದ ಆಗಿನ ಬೆಲೆಯಿಂದ ಅದನ್ನು ಕಳೆದರೆ ಕಳೆದ ಕಾಲ ಸಿಗುತ್ತದೆ. ಅದು ಪ್ರೀಸೆಟ್ಟನ್ನು ಮುಟ್ಟಿದಾಗ ಅಥವಾ ದಾಟಿದಾಗ ಔಟ್‌ಪುಟ್ ಬಿಟ್ ಬದಲಾಗುತ್ತದೆ.

ಎಲ್ಲ ಪಿಎಲ್‌ಸಿಗಳೂ ಈ ಪರಿಶೀಲನೆಯನ್ನು ಒಂದೇ ಹೊತ್ತಿಗೆ ಮಾಡುವುದಿಲ್ಲ. ಸೀಮೆನ್ಸ್ ಎಸ್7-200ರಲ್ಲಿ 1 ಮಿಲಿಸೆಕೆಂಡ್ ಟೈಮರುಗಳು ಸ್ಕ್ಯಾನಿನ ಹಂಗಿಲ್ಲದೆ ಯಾವ ಕ್ಷಣದಲ್ಲಾದರೂ ಬದಲಾಗುತ್ತವೆ. 10 ಮಿಲಿಸೆಕೆಂಡ್ ಟೈಮರುಗಳು ಪ್ರತಿ ಸ್ಕ್ಯಾನಿನ ಆರಂಭದಲ್ಲಿ ಬದಲಾಗುತ್ತವೆ. 100 ಮಿಲಿಸೆಕೆಂಡ್ ಟೈಮರುಗಳು ತಮ್ಮ ಆದೇಶ ನಡೆದಾಗ ಮಾತ್ರ ಬದಲಾಗುತ್ತವೆ. ಒಂದೇ ಪ್ರೋಗ್ರಾಮ್ ಟೈಮ್‌ಬೇಸ್ ಬದಲಾದೊಡನೆ ಬೇರೆ ರೀತಿ ವರ್ತಿಸಲು ಇದು ಕಾರಣ.

ವಿಧಗಳು

ಆನ್-ಡಿಲೇ ಟೈಮರ್: ಮಾನಕದಲ್ಲಿ ಇದರ ಹೆಸರು ‘ಟಾನ್’. ಇನ್‌ಪುಟ್ ಆನ್ ಆದಾಗ ಎಣಿಕೆ ಶುರುವಾಗುತ್ತದೆ. ಪ್ರೀಸೆಟ್ ಮುಗಿಯುವವರೆಗೂ ಇನ್‌ಪುಟ್ ಬಿಡದೆ ಆನ್ ಇದ್ದರೆ ಮಾತ್ರ ಔಟ್‌ಪುಟ್ ಆನ್ ಆಗುತ್ತದೆ. ನಡುವೆ ಇನ್‌ಪುಟ್ ಆಫ್ ಆದರೆ ಕಳೆದ ಕಾಲ ಸೊನ್ನೆಗಿಳಿಯುತ್ತದೆ. ಔಟ್‌ಪುಟ್ ಆನ್ ಆದ ಮೇಲೆ ಇನ್‌ಪುಟ್ ಹೋದರೆ ಔಟ್‌ಪುಟ್ ಕೂಡಲೇ ಹೋಗುತ್ತದೆ. ಪಿಎಲ್‌ಸಿ ಪ್ರೋಗ್ರಾಮುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಟೈಮರ್ ಇದು.

ಆಫ್-ಡಿಲೇ ಟೈಮರ್: ಮಾನಕದ ಹೆಸರು ‘ಟಾಫ್’. ಇನ್‌ಪುಟ್ ಆನ್ ಆದೊಡನೆ ಔಟ್‌ಪುಟ್ಟೂ ಆನ್ ಆಗುತ್ತದೆ. ಎಣಿಕೆ ಶುರುವಾಗುವುದು ಇನ್‌ಪುಟ್ ಆಫ್ ಆದಾಗ. ಪ್ರೀಸೆಟ್ ಮುಗಿದ ಮೇಲೆ ಔಟ್‌ಪುಟ್ ಆಫ್ ಆಗುತ್ತದೆ. ಅಷ್ಟರೊಳಗೆ ಇನ್‌ಪುಟ್ ಮತ್ತೆ ಬಂದರೆ ಎಣಿಕೆ ರದ್ದಾಗಿ ಔಟ್‌ಪುಟ್ ಆನ್ ಆಗಿಯೇ ಉಳಿಯುತ್ತದೆ.

ಪಲ್ಸ್ ಟೈಮರ್: ಮಾನಕದ ಹೆಸರು ‘ಟಿಪಿ’. ಇನ್‌ಪುಟ್ ಆಫ್‌ನಿಂದ ಆನ್‌ಗೆ ಏರಿದ ಕ್ಷಣದಲ್ಲಿ ಔಟ್‌ಪುಟ್ ಆನ್ ಆಗಿ, ಪ್ರೀಸೆಟ್‌ನಷ್ಟು ಕಾಲ ಹಾಗೆಯೇ ಇರುತ್ತದೆ. ಆ ನಡುವೆ ಇನ್‌ಪುಟ್ ಹೋದರೂ ಮತ್ತೆ ಬಂದರೂ ಔಟ್‌ಪುಟ್‌ನ ಅವಧಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ.

ರಿಟೆಂಟಿವ್ ಟೈಮರ್: ಇನ್‌ಪುಟ್ ಆಫ್ ಆದಾಗ ಎಣಿಕೆ ನಿಲ್ಲುತ್ತದೆ, ಆದರೆ ಅಳಿಯುವುದಿಲ್ಲ, ಇನ್‌ಪುಟ್ ಮತ್ತೆ ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸೊನ್ನೆಗೆ ತರಲು ಪ್ರತ್ಯೇಕ ರಿಸೆಟ್ ಆದೇಶ ಬೇಕು. ಐಇಸಿ ಮಾನಕದ ಮೂಲ ಮೂರು ಬ್ಲಾಕುಗಳಲ್ಲಿ ಇದಿಲ್ಲವಾದರೂ ಪ್ರಮುಖ ತಯಾರಕರು ಇದನ್ನು ಸೇರಿಸಿಕೊಂಡಿದ್ದಾರೆ. ಇನ್‌ಪುಟ್ ಹೋದಾಗ ಎಣಿಕೆ ಉಳಿಯುವುದು ಬೇರೆ, ವಿದ್ಯುತ್ ಹೋದಾಗ ಉಳಿಯುವುದು ಬೇರೆ. ಎರಡನೆಯದಕ್ಕೆ ಟೈಮರಿನ ಸ್ಮೃತಿ ವಿದ್ಯುತ್ ಇಲ್ಲದೆಯೂ ಉಳಿಯುವ ಭಾಗದಲ್ಲಿರಬೇಕು.

ವಿಸ್ತರಿತ ಪಲ್ಸ್ ಟೈಮರ್: ಎಸ್5 ಸರಣಿಯಿಂದ ಬಂದ ಈ ಬಗೆಯಲ್ಲಿ, ಅವಧಿ ನಡೆಯುತ್ತಿರುವಾಗಲೇ ಇನ್‌ಪುಟ್ ಮತ್ತೊಮ್ಮೆ ಏರಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಇನ್‌ಪುಟ್ ಪದೇ ಪದೇ ಬರುತ್ತಿರುವಷ್ಟು ಕಾಲ ಔಟ್‌ಪುಟ್ ಆನ್ ಆಗಿಯೇ ಇರುತ್ತದೆ. ಟಿಪಿ ಬ್ಲಾಕ್‌ಗೆ ಈ ಗುಣವಿಲ್ಲ.

ತಯಾರಕರ ಪದ್ಧತಿಗಳು

ಸೀಮೆನ್ಸ್: ಎಸ್5 ಸರಣಿಯಿಂದ ಎಸ್7-300 ಮತ್ತು ಎಸ್7-400ಕ್ಕೆ ಬಂದ ಹಳೆಯ ಟೈಮರುಗಳು ಐದು: ಪಲ್ಸ್, ವಿಸ್ತರಿತ ಪಲ್ಸ್, ಆನ್-ಡಿಲೇ, ಸ್ಮೃತಿಯುಳ್ಳ ಆನ್-ಡಿಲೇ, ಆಫ್-ಡಿಲೇ. ಇವುಗಳ ಅವಧಿಯನ್ನು 16 ಬಿಟ್‌ಗಳಲ್ಲಿ ಇಡಲಾಗುತ್ತದೆ. ಮೂರು ದಶಮಾಂಶ ಅಂಕಿಗಳು, ಜೊತೆಗೆ 10 ಮಿಲಿಸೆಕೆಂಡಿನಿಂದ 10 ಸೆಕೆಂಡಿನವರೆಗಿನ ನಾಲ್ಕು ಟೈಮ್‌ಬೇಸ್‌ಗಳಲ್ಲಿ ಒಂದು. ಆದಕಾರಣ ಗರಿಷ್ಠ ಅವಧಿ 999 ಗುಣಿಸು 10 ಸೆಕೆಂಡ್, ಎಂದರೆ 2 ಗಂಟೆ 46 ನಿಮಿಷ 30 ಸೆಕೆಂಡ್. ಈ ಟೈಮರುಗಳು ಪ್ರೀಸೆಟ್‌ನಿಂದ ಸೊನ್ನೆಯ ಕಡೆಗೆ ಇಳಿಯುತ್ತ ಎಣಿಸುತ್ತವೆ. ಎಸ್7-1200ರಲ್ಲಿ ಇವು ಇಲ್ಲ. ಟಿಪಿ, ಟಾನ್, ಟಾಫ್ ಮತ್ತು ರಿಟೆಂಟಿವ್ ಬಗೆಯ ‘ಟಿಒಎನ್‌ಆರ್’ ಮಾತ್ರ ಇವೆ. ಎಸ್7-1500 ಎರಡೂ ಬಗೆಗಳನ್ನು ಒಪ್ಪುತ್ತದೆ.

ಅಲೆನ್-ಬ್ರ್ಯಾಡ್ಲಿ: ಈಗ ರಾಕ್‌ವೆಲ್ ಆಟೊಮೇಷನ್ನಿನ ಭಾಗವಾಗಿರುವ ಈ ಬ್ರ್ಯಾಂಡಿನ ಪಿಎಲ್‌ಸಿಗಳಲ್ಲಿ ಟಾನ್, ಟಾಫ್ ಮತ್ತು ರಿಟೆಂಟಿವ್ ಬಗೆಯ ‘ಆರ್‌ಟಿಒ’ ಎಂಬ ಮೂರು ಆದೇಶಗಳಿವೆ. ಎಸ್‌ಎಲ್‌ಸಿ 500 ಸರಣಿಯಲ್ಲಿ ಒಂದು ಟೈಮರಿಗೆ ಮೂರು ಪದಗಳಷ್ಟು ಸ್ಮೃತಿ ಬೇಕು; ಒಂದರಲ್ಲಿ ಸ್ಥಿತಿಯ ಬಿಟ್‌ಗಳು, ಒಂದರಲ್ಲಿ ಪ್ರೀಸೆಟ್, ಒಂದರಲ್ಲಿ ಕಳೆದ ಕಾಲ. ಸ್ಥಿತಿಯ ಬಿಟ್‌ಗಳು ಮೂರು: ಇನ್‌ಪುಟ್ ಇದೆಯೆಂದು ಹೇಳುವ ‘ಇಎನ್’, ಎಣಿಕೆ ನಡೆಯುತ್ತಿದೆಯೆಂದು ಹೇಳುವ ‘ಟಿಟಿ’, ಅವಧಿ ಮುಗಿಯಿತೇ ಎಂದು ಹೇಳುವ ‘ಡಿಎನ್’. ಲಾಜಿಕ್ಸ್ ಕುಟುಂಬದಲ್ಲಿ ಪ್ರೀಸೆಟ್ ಮತ್ತು ಕಳೆದ ಕಾಲ 32 ಬಿಟ್ ಸಂಖ್ಯೆಗಳು, ಲೆಕ್ಕ ಮಿಲಿಸೆಕೆಂಡಿನಲ್ಲಿ. ಎಣಿಕೆ ಸೊನ್ನೆಯಿಂದ ಮೇಲಕ್ಕೇರುತ್ತದೆ.

ಮಿತ್ಸುಬಿಷಿ: ಎಫ್‌ಎಕ್ಸ್ ಸರಣಿಯಲ್ಲಿ ಟೈಮರಿನ ಸಂಖ್ಯೆಯೇ ಟೈಮ್‌ಬೇಸ್ ಹೇಳುತ್ತದೆ. ಎಫ್‌ಎಕ್ಸ್2ಎನ್‌ನಲ್ಲಿ ಟಿ0ಯಿಂದ ಟಿ199ರವರೆಗಿನವು 100 ಮಿಲಿಸೆಕೆಂಡಿನವು, ಟಿ200ರಿಂದ ಟಿ245ರವರೆಗಿನವು 10 ಮಿಲಿಸೆಕೆಂಡಿನವು, ಟಿ246ರಿಂದ ಟಿ249ರವರೆಗಿನವು 1 ಮಿಲಿಸೆಕೆಂಡಿನ ರಿಟೆಂಟಿವ್ ಟೈಮರುಗಳು, ಟಿ250ರಿಂದ ಟಿ255ರವರೆಗಿನವು 100 ಮಿಲಿಸೆಕೆಂಡಿನ ರಿಟೆಂಟಿವ್ ಟೈಮರುಗಳು. ಟಿ0ಗೆ ‘ಕೆ50’ ಎಂದು ಕೊಟ್ಟರೆ 50 ಗುಣಿಸು 100 ಮಿಲಿಸೆಕೆಂಡ್, ಎಂದರೆ 5 ಸೆಕೆಂಡ್. ಅದೇ ‘ಕೆ50’ನ್ನು ಟಿ200ಕ್ಕೆ ಕೊಟ್ಟರೆ ಅರ್ಧ ಸೆಕೆಂಡ್ ಮಾತ್ರ.

ಓಮ್ರಾನ್: ‘ಟಿಮ್’ ಆದೇಶ 100 ಮಿಲಿಸೆಕೆಂಡ್ ಟೈಮ್‌ಬೇಸಿನದು, ನಾಲ್ಕು ದಶಮಾಂಶ ಅಂಕಿಗಳ ಪ್ರೀಸೆಟ್‌ನಿಂದ 999.9 ಸೆಕೆಂಡಿನವರೆಗೆ ಅಳೆಯುತ್ತದೆ. ಎಣಿಕೆ ಪ್ರೀಸೆಟ್‌ನಿಂದ ಕೆಳಗಿಳಿಯುತ್ತದೆ. 10 ಮಿಲಿಸೆಕೆಂಡಿನ ಅಳತೆಗೆ ‘ಟಿಮ್‌ಎಚ್’, 1 ಮಿಲಿಸೆಕೆಂಡಿನ ಅಳತೆಗೆ ‘ಟಿಎಂಎಚ್‌ಎಚ್’, ರಿಟೆಂಟಿವ್ ಎಣಿಕೆಗೆ ‘ಟಿಟಿಮ್’ ಇವೆ.

ಪ್ರೋಗ್ರಾಮಿನಲ್ಲಿ ಬಳಕೆ

ಲ್ಯಾಡರ್ ಭಾಷೆಯಲ್ಲಿ ರಂಗ್‌ನ ಎಡಭಾಗದ ಕಾಂಟ್ಯಾಕ್ಟ್‌ಗಳು ಟೈಮರಿನ ಇನ್‌ಪುಟ್ಟನ್ನು ತೀರ್ಮಾನಿಸುತ್ತವೆ, ಬಲಭಾಗದಲ್ಲಿ ಟೈಮರಿನ ಪೆಟ್ಟಿಗೆ ಇರುತ್ತದೆ. ಅದರ ಔಟ್‌ಪುಟ್ ಬಿಟ್ಟನ್ನು ಬೇರೆ ರಂಗ್‌ಗಳಲ್ಲಿ ಕಾಂಟ್ಯಾಕ್ಟ್ ಆಗಿ ಎಷ್ಟು ಬಾರಿಯಾದರೂ ಬಳಸಬಹುದು. ರಿಲೇ ಟೈಮರಿನಲ್ಲಿ ಕಾಂಟ್ಯಾಕ್ಟ್‌ಗಳ ಸಂಖ್ಯೆಗೆ ಇದ್ದ ಮಿತಿ ಇಲ್ಲಿ ಇಲ್ಲ.

ಸ್ಟ್ರಕ್ಚರ್ಡ್ ಟೆಕ್ಸ್ಟ್ ಭಾಷೆಯಲ್ಲಿ ಇದೇ ಕೆಲಸವನ್ನು ಎರಡು ಸಾಲುಗಳಲ್ಲಿ ಬರೆಯಬಹುದು. ‘ಪಂಪ್_ವಿಳಂಬ’ ಎಂಬುದು ಟಾನ್ ಬ್ಲಾಕಿನ ಇನ್‌ಸ್ಟೆನ್ಸ್ ಎಂದು ಮೊದಲೇ ಘೋಷಿಸಿದ್ದರೆ, ಕನ್ನಡ ಲಿಪಿಗೆ ತಿರುಗಿಸಿದಾಗ ಆ ಸಾಲುಗಳು ಹೀಗಿರುತ್ತವೆ:

ಪಂಪ್_ವಿಳಂಬ(ಇನ್ := ಮಟ್ಟ_ಸರಿ, ಪಿಟಿ := ಟಿ#5ಎಸ್);
ಪಂಪ್ := ಪಂಪ್_ವಿಳಂಬ.ಕ್ಯೂ;

ನೀರಿನ ಮಟ್ಟ ಐದು ಸೆಕೆಂಡ್ ಕಾಲ ಬಿಡದೆ ಸರಿಯಾಗಿದ್ದರೆ ಪಂಪ್ ಓಡಲಿ ಎಂಬುದು ಇದರ ತಾತ್ಪರ್ಯ.

ಟೈಮರುಗಳನ್ನು ಒಂದಕ್ಕೊಂದು ಜೋಡಿಸಿ ಹಲವು ವಿನ್ಯಾಸಗಳನ್ನು ಮಾಡಲಾಗುತ್ತದೆ. ಅವುಗಳಲ್ಲಿ ಮೂರು ಸರ್ವತ್ರ ಬಳಕೆಯಲ್ಲಿವೆ.

ಫ್ಲ್ಯಾಷರ್: ಎರಡು ಟಾನ್ ಟೈಮರುಗಳು ಬೇಕು. ಮೊದಲನೆಯದರ ಇನ್‌ಪುಟ್‌ಗೆ ಎರಡನೆಯದರ ಔಟ್‌ಪುಟ್‌ನ ವಿಲೋಮ ಕಾಂಟ್ಯಾಕ್ಟ್, ಎರಡನೆಯದರ ಇನ್‌ಪುಟ್‌ಗೆ ಮೊದಲನೆಯದರ ಔಟ್‌ಪುಟ್. ಮೊದಲನೆಯದರ ಔಟ್‌ಪುಟ್‌ಗೆ ದೀಪ ಜೋಡಿಸಿದರೆ, ಮೊದಲ ಪ್ರೀಸೆಟ್‌ನಷ್ಟು ಕಾಲ ದೀಪ ಆರಿರುತ್ತದೆ, ಎರಡನೇ ಪ್ರೀಸೆಟ್‌ನಷ್ಟು ಕಾಲ ಉರಿಯುತ್ತದೆ, ಇದು ಪುನರಾವರ್ತನೆಯಾಗುತ್ತದೆ.

ಸ್ವಯಂ ರಿಸೆಟ್: ಟೈಮರಿನ ಔಟ್‌ಪುಟ್‌ನ ವಿಲೋಮ ಕಾಂಟ್ಯಾಕ್ಟನ್ನು ಅದರದೇ ಇನ್‌ಪುಟ್‌ಗೆ ಕೊಟ್ಟರೆ ಪ್ರತಿ ಪ್ರೀಸೆಟ್ ಅವಧಿಗೊಮ್ಮೆ ಒಂದು ಸ್ಕ್ಯಾನ್ ಉದ್ದದ ಪಲ್ಸ್ ಸಿಗುತ್ತದೆ. ಎಸ್7-200ರ 1 ಮತ್ತು 10 ಮಿಲಿಸೆಕೆಂಡ್ ಟೈಮರುಗಳಲ್ಲಿ ಈ ವಿನ್ಯಾಸ ನೆಚ್ಚುವಂಥದಲ್ಲ. ಟೈಮರ್ ಬಿಟ್ ತನ್ನ ಆದೇಶದ ಹೊರಗೆ ಬದಲಾಗುವುದರಿಂದ ಪಲ್ಸ್ ಯಾರಿಗೂ ಕಾಣದೆ ಅಳಿದುಹೋಗಬಹುದು. ಅಲ್ಲಿ ಟೈಮರಿನ ಸ್ವಂತ ಬಿಟ್‌ಗೆ ಬದಲು ಪ್ರತ್ಯೇಕ ಬಿಟ್ಟೊಂದರ ಮೂಲಕ ರಿಸೆಟ್ ಮಾಡಬೇಕು.

ದೀರ್ಘಾವಧಿ: ಟೈಮರಿನ ಮಿತಿಗಿಂತ ಹೆಚ್ಚಿನ ಅವಧಿ ಬೇಕಾದರೆ ಸ್ವಯಂ ರಿಸೆಟ್ ಟೈಮರಿನ ಪಲ್ಸ್‌ಗಳನ್ನು ಕೌಂಟರಿಗೆ ಕೊಡಲಾಗುತ್ತದೆ. 1 ಗಂಟೆಯ ಟೈಮರ್ ಮತ್ತು 24ರ ಕೌಂಟರ್ ಸೇರಿದರೆ ಒಂದು ದಿನ. ಪ್ರತಿ ರಿಸೆಟ್‌ಗೆ ಒಂದೆರಡು ಸ್ಕ್ಯಾನಿನ ಕಾಲ ನಷ್ಟವಾಗುವುದರಿಂದ ಇಂಥ ಎಣಿಕೆ ನಿಜವಾದ ಗಡಿಯಾರಕ್ಕಿಂತ ಹಿಂದೆ ಬೀಳುತ್ತ ಹೋಗುತ್ತದೆ. ‘ಬೆಳಿಗ್ಗೆ 6ಕ್ಕೆ ಆನ್’ ಎಂಬಂಥ ಕೆಲಸಗಳಿಗೆ ಟೈಮರಿನ ಬದಲು ಪಿಎಲ್‌ಸಿಯ ರಿಯಲ್‌ಟೈಮ್ ಗಡಿಯಾರವನ್ನು ಓದುವುದು ಸರಿಯಾದ ಕ್ರಮ.

ನಿಖರತೆ

ಟೈಮರಿನ ನಿಜವಾದ ಅವಧಿ ಪ್ರೀಸೆಟ್‌ಗಿಂತ ಭಿನ್ನವಾಗಲು ನಾಲ್ಕು ಕಾರಣಗಳಿವೆ: ಇನ್‌ಪುಟ್ ಫಿಲ್ಟರ್, ಸ್ಕ್ಯಾನ್ ಕಾಲ, ಟೈಮ್‌ಬೇಸ್ ಮತ್ತು ಔಟ್‌ಪುಟ್ ಸಾಧನದ ವಿಳಂಬ.

ಸ್ಕ್ಯಾನಿನ ಪಾತ್ರವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇನ್‌ಪುಟ್ ಫಿಲ್ಟರ್ 6 ಮಿಲಿಸೆಕೆಂಡ್, ಸ್ಕ್ಯಾನ್ 10 ಮಿಲಿಸೆಕೆಂಡ್, ಔಟ್‌ಪುಟ್ ರಿಲೇಯ ವಿಳಂಬ 10 ಮಿಲಿಸೆಕೆಂಡ್ ಇರಲಿ. ಸೆನ್ಸರಿನ ಸಂಕೇತ ಇನ್‌ಪುಟ್ ಓದಿದ ಮರುಕ್ಷಣ ಬಂದರೆ ಅದು ಗಮನಕ್ಕೆ ಬರಲು ಒಂದು ಪೂರ್ಣ ಸ್ಕ್ಯಾನ್ ಬೇಕು. ಪ್ರೀಸೆಟ್ ಮುಗಿದದ್ದು ಟೈಮರ್ ಆದೇಶ ಆಗತಾನೆ ನಡೆದುಹೋದ ಮೇಲಾದರೆ ಇನ್ನೊಂದು ಸ್ಕ್ಯಾನ್ ಕಾಯಬೇಕು. ಸ್ಕ್ಯಾನಿನ ಆರಂಭದಿಂದ ಟೈಮರ್ ಆದೇಶದವರೆಗಿನ ಕಾಲ ಮತ್ತು ಆ ಆದೇಶದಿಂದ ಔಟ್‌ಪುಟ್ ಬರೆಯುವವರೆಗಿನ ಕಾಲ ಸೇರಿ ಮತ್ತೊಂದು ಸ್ಕ್ಯಾನ್. ಹೀಗೆ ಒಟ್ಟು ವಿಳಂಬ ಪ್ರೀಸೆಟ್‌ಗಿಂತ 46 ಮಿಲಿಸೆಕೆಂಡ್‌ವರೆಗೆ ಹೆಚ್ಚಬಹುದು. ಎಲ್ಲವೂ ಅನುಕೂಲವಾಗಿ ಕೂಡಿಬಂದರೆ ಹೆಚ್ಚಳ 26 ಮಿಲಿಸೆಕೆಂಡ್. 5 ಸೆಕೆಂಡಿನ ಟೈಮರಿಗೆ ಇದು ನಗಣ್ಯ. 50 ಮಿಲಿಸೆಕೆಂಡಿನ ಟೈಮರಿಗೆ ಹೆಚ್ಚುಕಡಿಮೆ ಅವಧಿಯಷ್ಟೇ ದೊಡ್ಡ ದೋಷ.

ಟೈಮ್‌ಬೇಸಿನ ದೋಷ ಇದಕ್ಕಿಂತ ಭಿನ್ನ. ಪಿಎಲ್‌ಸಿಯೊಳಗೆ 10 ಸೆಕೆಂಡಿನ ಟಿಕ್ಕುಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದರೆ, ಟೈಮರ್ ಹೊರಟ ಮೇಲಿನ ಮೊದಲ ಟಿಕ್ ಕೂಡಲೇ ಬರಬಹುದು, 10 ಸೆಕೆಂಡಿನ ಬಳಿಕವೂ ಬರಬಹುದು. ಹಾಗಾಗಿ ಒಂದು ಟೈಮ್‌ಬೇಸಿನಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. 10 ಸೆಕೆಂಡಿನ ವಿಳಂಬವನ್ನು ‘1 ಗುಣಿಸು 10 ಸೆಕೆಂಡ್’ ಎಂದು ಕೊಡುವುದಕ್ಕಿಂತ ‘100 ಗುಣಿಸು 100 ಮಿಲಿಸೆಕೆಂಡ್’ ಎಂದು ಕೊಡುವುದು ಮೇಲು. ಬೇಕಾದ ಅವಧಿ ಹಿಡಿಸುವಷ್ಟರಲ್ಲಿ ಅತಿ ಚಿಕ್ಕ ಟೈಮ್‌ಬೇಸ್ ಆರಿಸಬೇಕೆಂಬುದು ಇದರಿಂದ ಬಂದ ನಿಯಮ.

ಸ್ಕ್ಯಾನಿಗಿಂತ ಸೂಕ್ಷ್ಮವಾದ ಕಾಲಮಾಪನಕ್ಕೆ ಸಾಮಾನ್ಯ ಟೈಮರ್ ತಕ್ಕುದಲ್ಲ. ಅಂಥಲ್ಲಿ ನಿಗದಿತ ಅಂತರದಲ್ಲಿ ನಡೆಯುವ ಪ್ರತ್ಯೇಕ ಟಾಸ್ಕ್, ಇಂಟರಪ್ಟ್ ಅಥವಾ ಕಾಲಮುದ್ರೆ ಒತ್ತುವ ವಿಶೇಷ ಇನ್‌ಪುಟ್-ಔಟ್‌ಪುಟ್ ಮಾಡ್ಯೂಲ್‌ಗಳನ್ನು ಬಳಸಲಾಗುತ್ತದೆ.

ಸಾಮಾನ್ಯ ದೋಷಗಳು

ಒಂದೇ ಟೈಮರನ್ನು ಎರಡೆಡೆ ಬಳಸುವುದು: ಒಂದೇ ಸಂಖ್ಯೆಯ ಟೈಮರ್ ಅಥವಾ ಒಂದೇ ಇನ್‌ಸ್ಟೆನ್ಸ್ ಎರಡು ರಂಗ್‌ಗಳಲ್ಲಿದ್ದರೆ, ಒಂದು ಹೊರಡಿಸಿದ್ದನ್ನು ಇನ್ನೊಂದು ಅದೇ ಸ್ಕ್ಯಾನಿನಲ್ಲಿ ಅಳಿಸುತ್ತದೆ.

ಆದೇಶ ನಡೆಯದಿರುವುದು: ಟೈಮರ್ ಕರೆಯನ್ನು ಷರತ್ತಿನೊಳಗೆ ಅಥವಾ ಜಂಪ್ ಆಗಿ ತಪ್ಪಿಹೋಗುವ ಭಾಗದಲ್ಲಿ ಇಟ್ಟರೆ ಅದರ ಔಟ್‌ಪುಟ್ ಕೊನೆಯ ಸ್ಥಿತಿಯಲ್ಲೇ ಉಳಿಯುತ್ತದೆ. ಷರತ್ತನ್ನು ಕರೆಯ ಸುತ್ತ ಕಟ್ಟದೆ ಟೈಮರಿನ ಇನ್‌ಪುಟ್‌ಗೆ ಕೊಟ್ಟು, ಕರೆ ಪ್ರತಿ ಸ್ಕ್ಯಾನಿನಲ್ಲೂ ನಡೆಯುವಂತೆ ಮಾಡಬೇಕು. ರಾಕ್‌ವೆಲ್ ಲಾಜಿಕ್ಸ್ ಕುಟುಂಬದಲ್ಲಿ ಟೈಮರ್ ಆದೇಶ 69 ನಿಮಿಷಕ್ಕೊಮ್ಮೆಯಾದರೂ ನಡೆಯದಿದ್ದರೆ ಎಣಿಕೆ ತಪ್ಪುತ್ತದೆ.

ತಾತ್ಕಾಲಿಕ ಸ್ಮೃತಿ: ಇನ್‌ಸ್ಟೆನ್ಸನ್ನು ಪ್ರತಿ ಕರೆಗೂ ಅಳಿಯುವ ಚರಗಳಲ್ಲಿ ಇಟ್ಟರೆ ಟೈಮರಿಗೆ ನೆನಪೇ ಉಳಿಯುವುದಿಲ್ಲ.

ಸಮತೆಯ ಹೋಲಿಕೆ: ಕಳೆದ ಕಾಲ ಸರಿಯಾಗಿ 3 ಸೆಕೆಂಡಿಗೆ ಸಮವೇ ಎಂದು ಕೇಳಿದರೆ ಉತ್ತರ ಎಂದೂ ‘ಹೌದು’ ಆಗದಿರಬಹುದು. ಒಂದು ಸ್ಕ್ಯಾನಿನಲ್ಲಿ 2.996, ಮುಂದಿನದರಲ್ಲಿ 3.006 ಇರುವ ಸಾಧ್ಯತೆಯಿದೆ. ‘ಸಮ ಅಥವಾ ಹೆಚ್ಚು’ ಎಂಬ ಹೋಲಿಕೆಯೇ ಸುರಕ್ಷಿತ.

ಓಡುತ್ತಿರುವಾಗ ಪ್ರೀಸೆಟ್ ಬದಲಿಸುವುದು: ಇದರ ಪರಿಣಾಮವನ್ನು ಐಇಸಿ ಮಾನಕ ತಯಾರಕರಿಗೇ ಬಿಟ್ಟಿದೆ. ಸೀಮೆನ್ಸ್ ಎಸ್7-1200ರ ಟಾನ್ ಓಡುತ್ತಿರುವಾಗ ಹೊಸ ಪ್ರೀಸೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಅಲೆನ್-ಬ್ರ್ಯಾಡ್ಲಿ ಕೂಡಲೇ ತೆಗೆದುಕೊಳ್ಳುತ್ತದೆ. ಲಾಜಿಕ್ಸ್‌ನಲ್ಲಿ ಪ್ರೀಸೆಟ್ ಋಣಸಂಖ್ಯೆಯಾದರೆ ಪ್ರೊಸೆಸರ್ ಮೇಜರ್ ಫಾಲ್ಟ್‌ಗೆ ಹೋಗುತ್ತದೆ. ಪರದೆಯಿಂದ ಅವಧಿ ನಮೂದಿಸಲು ಅವಕಾಶವಿರುವಲ್ಲಿ ಕನಿಷ್ಠ ಮತ್ತು ಗರಿಷ್ಠ ಮಿತಿ ಹಾಕಬೇಕಾದುದು ಇದಕ್ಕಾಗಿ.

ಉಪಯೋಗಗಳು

ಮೋಟಾರ್ ಚಾಲನೆ: ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಮೋಟಾರ್ ಮೊದಲು ಸ್ಟಾರ್ ಜೋಡಣೆಯಲ್ಲಿ ವೇಗ ಪಡೆದು, ಕೆಲವು ಸೆಕೆಂಡುಗಳ ಬಳಿಕ ಡೆಲ್ಟಾ ಜೋಡಣೆಗೆ ಬರುತ್ತದೆ. ಇದಕ್ಕೆ ಒಂದು ಟಾನ್ ಸಾಕು. ಸ್ಟಾರ್ ಕಾಂಟ್ಯಾಕ್ಟರ್ ಪೂರ್ತಿ ಬಿಡುವ ಮೊದಲು ಡೆಲ್ಟಾ ಕಾಂಟ್ಯಾಕ್ಟರ್ ಹಿಡಿದರೆ ಶಾರ್ಟ್ ಆಗುವುದರಿಂದ, ನಡುವೆ ಬಿಡುವು ಕೊಡಲು ಎರಡನೇ ಚಿಕ್ಕ ಟೈಮರ್ ಇಡುತ್ತಾರೆ. ಕಾಂಟ್ಯಾಕ್ಟರುಗಳ ನಡುವಣ ವಿದ್ಯುತ್ ಇಂಟರ್‌ಲಾಕ್ ಇದರ ಜೊತೆಗೆ ಇರಲೇಬೇಕು.

ಅನುಕ್ರಮ ಚಾಲನೆ: ಸಾಲಾಗಿರುವ ಕನ್ವೇಯರ್‌ಗಳಲ್ಲಿ ಸರಕು ಕೊನೆಗೆ ತಲಪುವ ಕನ್ವೇಯರ್ ಮೊದಲು ಹೊರಟು, ಉಳಿದವು ಒಂದೊಂದಾಗಿ ಹಿಂದಿನಿಂದ ಸೇರಿಕೊಳ್ಳುತ್ತವೆ. ಇದರಿಂದ ಸರಕು ರಾಶಿಬೀಳುವುದೂ ಎಲ್ಲ ಮೋಟಾರುಗಳು ಒಟ್ಟಿಗೆ ಹೆಚ್ಚು ಕರೆಂಟ್ ಎಳೆಯುವುದೂ ತಪ್ಪುತ್ತವೆ.

ಆರಿಸಿದ ಬಳಿಕದ ಓಟ: ಹೀಟರ್ ಆರಿದ ಮೇಲೂ ತಂಪುಮಾಡುವ ಫ್ಯಾನ್ ಓಡುವುದು, ಮೆಟ್ಟಿಲ ದೀಪ ಸ್ವಲ್ಪ ಹೊತ್ತು ಉರಿಯುವುದು ಟಾಫ್‌ನ ಕೆಲಸಗಳು.

ನಿಗದಿತ ಅವಧಿಯ ಕ್ರಿಯೆ: ಗ್ರೀಸ್ ಹಾಕುವ ಪಂಪ್, ಅಂಟು ಸುರಿಯುವ ನಳಿಗೆ, ಇಂಜೆಕ್ಷನ್ ಮೋಲ್ಡಿಂಗಿನಲ್ಲಿ ಅಚ್ಚು ತಣಿಯುವ ಅವಧಿ, ಬಾಯ್ಲರಿನಲ್ಲಿ ಬರ್ನರ್ ಹಚ್ಚುವ ಮೊದಲು ಗಾಳಿ ಊದಿ ಉಳಿದ ಅನಿಲ ಹೊರಹಾಕುವ ಹಂತ ಇಲ್ಲಿ ಸೇರುತ್ತವೆ.

ಸಂಕೇತ ಶುದ್ಧೀಕರಣ: ಟ್ಯಾಂಕಿನ ನೀರು ತುಳುಕುವುದರಿಂದ ಲೆವೆಲ್ ಸ್ವಿಚ್ ಪದೇ ಪದೇ ಆನ್-ಆಫ್ ಆಗುವುದನ್ನು ಟಾನ್ ತಡೆಯುತ್ತದೆ. ಕ್ಷಣಿಕ ಏರಿಳಿತಕ್ಕೆ ಅಲಾರಂ ಕೂಗದಂತೆ ಮಾಡುವುದೂ ಇದೇ ರೀತಿಯಲ್ಲಿ.

ದೋಷಪತ್ತೆ: ಸಿಲಿಂಡರಿಗೆ ‘ಮುಂದೆ ಹೋಗು’ ಎಂಬ ಆದೇಶ ಕೊಟ್ಟು, ನಿಗದಿತ ಕಾಲದೊಳಗೆ ಕೊನೆಯ ಸೆನ್ಸರ್ ತಾಗದಿದ್ದರೆ ದೋಷವೆಂದು ಸಾರಲಾಗುತ್ತದೆ. ದೊಡ್ಡ ಯಂತ್ರಗಳ ಪ್ರೋಗ್ರಾಮಿನಲ್ಲಿ ಪ್ರತಿ ಚಲನೆಗೂ ಇಂಥ ಕಾವಲು ಟೈಮರ್ ಇರುತ್ತದೆ.

ಬಳಕೆಯ ಲೆಕ್ಕ: ಪಂಪ್ ಅಥವಾ ಕಂಪ್ರೆಸರ್ ಓಡಿದ ಒಟ್ಟು ಗಂಟೆಗಳನ್ನು ರಿಟೆಂಟಿವ್ ಟೈಮರಿನಿಂದ ಅಳೆದು ಸರ್ವಿಸ್‌ನ ಸಮಯ ಗೊತ್ತುಮಾಡಲಾಗುತ್ತದೆ.

ಸುರಕ್ಷತೆ

ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ಕಾಲವಿಳಂಬಗಳನ್ನು ಸಾಮಾನ್ಯ ಪಿಎಲ್‌ಸಿ ಟೈಮರಿಗೆ ಒಪ್ಪಿಸುವುದಿಲ್ಲ. ಪ್ರೆಸ್ ಯಂತ್ರಗಳ ಎರಡು ಕೈ ನಿಯಂತ್ರಣದಲ್ಲಿ ಎರಡೂ ಗುಂಡಿಗಳು 0.5 ಸೆಕೆಂಡಿನೊಳಗೆ ಒತ್ತಲ್ಪಡಬೇಕೆಂಬುದು ಐಎಸ್‌ಒ 13851 ಮಾನಕದ ಮೂರನೇ ವರ್ಗದ ನಿಯಮ. ಐಇಸಿ 60204-1ರ ‘ಸ್ಟಾಪ್ ವರ್ಗ 1’ರಲ್ಲಿ ಯಂತ್ರವನ್ನು ಮೊದಲು ವಿದ್ಯುತ್ ಸಹಾಯದಿಂದಲೇ ನಿಲ್ಲಿಸಿ, ನಿಂತ ಮೇಲೆ ವಿದ್ಯುತ್ ತೆಗೆಯಲಾಗುತ್ತದೆ. ಇಂಥ ಕಾಲನಿಯಮಗಳನ್ನು ಸೇಫ್ಟಿ ರಿಲೇ ಅಥವಾ ಪ್ರಮಾಣೀಕೃತ ಸೇಫ್ಟಿ ಪಿಎಲ್‌ಸಿಯ ಬ್ಲಾಕುಗಳು ಪಾಲಿಸುತ್ತವೆ; ಅವುಗಳೊಳಗೆ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ತಾಳೆನೋಡುವ ವ್ಯವಸ್ಥೆ ಇರುತ್ತದೆ.

ಇಂದಿನ ಸ್ಥಿತಿ

ಹೊಸ ಪಿಎಲ್‌ಸಿಗಳಲ್ಲಿ ಸಂಖ್ಯೆಯಿಂದ ಗುರುತಿಸುವ ಟೈಮರುಗಳ ಜಾಗವನ್ನು ಹೆಸರುಳ್ಳ ಇನ್‌ಸ್ಟೆನ್ಸ್‌ಗಳು ಆಕ್ರಮಿಸಿವೆ. ಹಿಂದೆ 128 ಅಥವಾ 256 ಎಂದು ಗೊತ್ತಾಗಿರುತ್ತಿದ್ದ ಟೈಮರುಗಳ ಸಂಖ್ಯೆ ಈಗ ಸ್ಮೃತಿಯ ಗಾತ್ರವನ್ನಷ್ಟೇ ಅವಲಂಬಿಸಿದೆ. ಟೈಮ್‌ಬೇಸ್ ಆರಿಸುವ ಕೆಲಸವೂ ಹೊಸ ಸರಣಿಗಳಲ್ಲಿ ಬಹುಪಾಲು ಇಲ್ಲವಾಗಿದೆ. ಆದರೆ ಹಳೆಯ ಯಂತ್ರಗಳು ದಶಕಗಟ್ಟಲೆ ಓಡುವುದರಿಂದ ಎಸ್5 ಬಗೆಯ ಟೈಮರುಗಳನ್ನು ಓದಲು, ಹೊಸ ಪಿಎಲ್‌ಸಿಗೆ ವರ್ಗಾಯಿಸಲು ಬಲ್ಲವರ ಅಗತ್ಯ ಉಳಿದಿದೆ. ವರ್ಗಾಯಿಸುವಾಗ ಇಳಿಯುವ ಎಣಿಕೆ ಏರುವ ಎಣಿಕೆಯಾಗುವುದನ್ನೂ ವಿಸ್ತರಿತ ಪಲ್ಸ್‌ಗೆ ನೇರ ಸಮಾನ ಬ್ಲಾಕ್ ಇಲ್ಲದಿರುವುದನ್ನೂ ಗಮನಿಸಬೇಕಾಗುತ್ತದೆ.

ಐಇಸಿ 61131-3ರ ನಾಲ್ಕನೇ ಆವೃತ್ತಿ 2025ರಲ್ಲಿ ಪ್ರಕಟವಾಯಿತು. ಇನ್‌ಸ್ಟ್ರಕ್ಷನ್ ಲಿಸ್ಟ್ ಭಾಷೆಯನ್ನು ಕೈಬಿಟ್ಟ ಈ ಆವೃತ್ತಿಯಲ್ಲೂ ಟಾನ್, ಟಾಫ್, ಟಿಪಿ ಬ್ಲಾಕುಗಳು ಮುಂದುವರಿದಿವೆ. ಘಟನೆಗಳನ್ನು ಆಧರಿಸಿದ ಐಇಸಿ 61499 ಮಾನಕದಲ್ಲಿ ಕಾಲದ ಕಲ್ಪನೆ ಬೇರೆಯಾಗಿದೆ. ಅದರ ‘ಇ-ಡಿಲೇ’ ಬ್ಲಾಕ್ ಒಂದು ಘಟನೆಯನ್ನು ಪಡೆದು, ನಿಗದಿತ ಕಾಲದ ಬಳಿಕ ಇನ್ನೊಂದು ಘಟನೆಯನ್ನು ಹೊರಡಿಸುತ್ತದೆ. ಪ್ರತಿ ಸ್ಕ್ಯಾನಿನಲ್ಲೂ ಅದನ್ನು ಕರೆಯಬೇಕಾಗಿಲ್ಲ.

ಕರ್ನಾಟಕದ ಪಾಲಿಟೆಕ್ನಿಕ್‌ಗಳಲ್ಲಿ ಮತ್ತು ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಮೆಕಾಟ್ರಾನಿಕ್ಸ್ ಡಿಪ್ಲೊಮಾದಲ್ಲಿ ಪಿಎಲ್‌ಸಿ ಪ್ರೋಗ್ರಾಮಿಂಗನ್ನು ಕಲಿಸಲಾಗುತ್ತದೆ. ಬಿಟ್ ತರ್ಕದ ಅಭ್ಯಾಸಗಳಾದ ಬಳಿಕ ಟೈಮರ್, ಅನಂತರ ಕೌಂಟರ್ ಎಂಬುದು ಇಂಥ ತರಬೇತಿಯ ರೂಢಿಯ ಕ್ರಮ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮತ್ತು ಟ್ರಾಫಿಕ್ ದೀಪಗಳ ಪ್ರೋಗ್ರಾಮುಗಳು ಇದರ ಪರಿಚಿತ ಪ್ರಯೋಗಗಳು.